ಆ ಹಾಯಿ ಬಟ್ಟೆ ಯಾರದು?

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆ ಅವರ 'ಬಾಟಲಿಯೊಳಗಿನ ನೆಲ್ಸನ್ ಹಡಗು' ಶಿಲ್ಪ (ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್‌ನ ಹಡಗಿನ ಮಾದರಿ, ಬಣ್ಣದ ಚಿತ್ತಾರದ ಹಾಯಿಗಳೊಂದಿಗೆ, ದೊಡ್ಡ ಬಾಟಲಿಯೊಳಗೆ) ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕಲ್ಲು ಕಡೆಯದೆ, ಲೋಹ ಎರಕ ಹೊಯ್ಯದೆ ಮಾಡಿದ್ದು ಶಿಲ್ಪ ಹೇಗಾಯಿತು? ಹಾಯಿಯ ಬಟ್ಟೆ ಹುಟ್ಟಿದ್ದೇ ಆಫ್ರಿಕಾದಲ್ಲಲ್ಲ ಅಂದಮೇಲೆ ಅದು ಆಫ್ರಿಕಾದವರ ಗುರುತು ಹೇಗೆ?

ಮೊದಲನೆಯದಕ್ಕೆ ಚಿಕ್ಕ ಉತ್ತರ. ಸುತ್ತಲೂ ನಡೆದು ನೋಡಿಸಿಕೊಳ್ಳುವ ಯಾವ ಆಕಾರವೂ ನನಗೆ ಶಿಲ್ಪವೇ. ಇಲ್ಲಿ ಹೇಳಬೇಕಾದ ಮಾತು ಬಟ್ಟೆಯಲ್ಲಿತ್ತು, ಅದಕ್ಕೇ ಬಟ್ಟೆ.

ಎರಡನೆಯ ಪ್ರಶ್ನೆ ಓದಿ ಖುಷಿಯಾಯಿತು. ಆ ಶಿಲ್ಪದ ಜೀವವೇ ಅಲ್ಲಿದೆ.

ಈ ಬಟ್ಟೆಯ ಮೂಲ ಇಂಡೋನೇಷ್ಯಾದ ಜಾವಾ ದ್ವೀಪ. ಅಲ್ಲಿನವರು ಬಿಸಿ ಮೇಣದಲ್ಲಿ ಚಿತ್ತಾರ ಬರೆದು ಬಟ್ಟೆಯನ್ನು ಬಣ್ಣಕ್ಕೆ ಅದ್ದುತ್ತಿದ್ದರು. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಅದೇ ಬಾಟಿಕ್. 19ನೇ ಶತಮಾನದಲ್ಲಿ, ಅಲ್ಲಿ ಆಳುತ್ತಿದ್ದ ಡಚ್ಚರು ಅದನ್ನು ಯಂತ್ರದಲ್ಲಿ ಅಚ್ಚು ಹಾಕಲು ಹೊರಟರು. ಮೇಣದ ಬದಲು ರಾಳ. ರಾಳ ಬಿರುಕು ಬಿಟ್ಟಲ್ಲಿ ಬಣ್ಣ ಒಳಗಿಳಿದು ಕೂದಲೆಳೆಯಂಥ ಗೆರೆ ಮೂಡುತ್ತಿತ್ತು. ಈ ಬಟ್ಟೆ ಪಶ್ಚಿಮ ಆಫ್ರಿಕಾದ ಸಂತೆಗಳಲ್ಲಿ ಜಾಸ್ತಿ ಓಡಿತು. ಮಾರುವ ಹೆಂಗಸರು ಒಂದೊಂದು ಚಿತ್ತಾರಕ್ಕೂ ಹೆಸರಿಟ್ಟರು. ಜನ ಮದುವೆಗೂ ಸಾವಿಗೂ ಅದನ್ನೇ ಉಟ್ಟರು. ಇಷ್ಟಾದ ಮೇಲೆ ಅದು ಅವರದ್ದೇ ಅಲ್ವಾ?

ಶೋನಿಬಾರೆ ಅವರೂ ಹೀಗೇ ಎರಡೂರಿನವರು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮೂರು ವರ್ಷದವರಿದ್ದಾಗ ನೈಜೀರಿಯಾದ ಲಾಗೋಸ್‌ಗೆ ಹೋಗಿ, ಹದಿಹರೆಯದಲ್ಲಿ ವಾಪಸ್ ಬಂದರು. ಈ 'ಆಫ್ರಿಕಾ ಬಟ್ಟೆ' ಅವರಿಗೆ ಸಿಕ್ಕಿದ್ದು ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿನಲ್ಲಿ.

ಅಂಥ ಚಿತ್ತಾರದ 37 ಹಾಯಿಗಳನ್ನು ನೆಲ್ಸನ್‌ನ 'ವಿಕ್ಟರಿ' ಹಡಗಿನ ಮಾದರಿಗೆ ಕಟ್ಟಿದರು. ಮಾದರಿಯ ಅಳತೆ ಮೂಲ ಹಡಗಿನ 30ರಲ್ಲಿ ಒಂದು ಪಾಲು. 2010ರಲ್ಲಿ ಅದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ಹೊಸ ಕಲಾಕೃತಿಗಳನ್ನು ಸರದಿಯಂತೆ ಇಡುವ ನಾಲ್ಕನೇ ಪೀಠದ ಮೇಲೆ, ನೆಲ್ಸನ್ ಕಂಬದ ಕಣ್ಣೆದುರೇ ನಿಂತಿತು. 1805ರಲ್ಲಿ ನೆಲ್ಸನ್ ಗೆದ್ದು ಸತ್ತ ಯುದ್ಧದ ಹೆಸರು ಆ ಚೌಕಕ್ಕೆ. ಆ ಗೆಲುವಿನಿಂದ ಕಡಲು ಬ್ರಿಟಿಷರ ಹಿಡಿತಕ್ಕೆ ಬಂತು, ಸಾಮ್ರಾಜ್ಯ ಹಬ್ಬಿತು. ಆಳಿಸಿಕೊಂಡ ಊರುಗಳ ಮಕ್ಕಳು ಮುಂದೆ ಅದೇ ಲಂಡನ್ನಿಗೆ ಬಂದು ನೆಲೆಸಿದರು. ಈ ಮಾತನ್ನು ಶೋನಿಬಾರೆ ಬೈದು ಹೇಳಲಿಲ್ಲ. ನೆಲ್ಸನ್‌ನ ಹಡಗಿಗೇ ಆ ಬಟ್ಟೆ ಉಡಿಸಿದರು. ನನಗೆ ತುಂಬ ಹಿಡಿಸಿದ್ದು ಇದೇ.

ಮಗಳ ಮನೆಗೆ ಲಂಡನ್ನಿಗೆ ಹೋಗುತ್ತಿದ್ದೇನೆ ಎಂದು ಬರೆದಿದ್ದೀರಿ. ಹಡಗು ಈಗ ಗ್ರೀನಿಚ್‌ನ ರಾಷ್ಟ್ರೀಯ ಕಡಲ ಮ್ಯೂಸಿಯಂ ಹೊರಗಿದೆ. ಜನ ದುಡ್ಡು ಕೂಡಿಸಿ ಉಳಿಸಿಕೊಂಡದ್ದು. ನೋಡಿದ ಮೇಲೆ ಬ್ರಿಕ್ಸ್‌ಟನ್‌ಗೂ ಹೋಗಿ. ಆ ಬಟ್ಟೆಯ ಒಂದು ತುಂಡು ಕೈಗೆತ್ತಿಕೊಂಡು ಮಗುಚಿ ನೋಡಿ. ಒಳ್ಳೆಯ ಬಟ್ಟೆಯಾದರೆ ಎರಡೂ ಮೈಯಲ್ಲಿ ಒಂದೇ ಬಣ್ಣ, ಒಂದೇ ಚಿತ್ತಾರ ಇರುತ್ತದೆ.