ಬುಡಾಪೆಸ್ಟ್ ಪಕ್ಕದ ಬುಡಾಯೋರ್ಶ್ ಎಂಥ ಊರು?

ಬುಡಾಪೆಸ್ಟಿನಲ್ಲಿ ಕೆಲಸ ಸಿಕ್ಕಿದೆ, ಬುಡಾಯೋರ್ಶ್‌ನಲ್ಲಿ ಮನೆ ಮಾಡಿ ಎಂದು ಕಚೇರಿಯವರು ಹೇಳುತ್ತಿದ್ದಾರೆ, ನಕ್ಷೆ ನೋಡಿದರೆ ಬರೀ ಮಾಲ್‌ಗಳು, ಗೋದಾಮುಗಳು. ಅಲ್ಲಿ ಊರು ಅಂತ ಏನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಇಲ್ಲೇ ಬಾಡಿಗೆಗೆ ಇರುವವನು. ಊರು ಇದೆ, ಆದರೆ ಹೆದ್ದಾರಿಯಿಂದ ಕಾಣುವುದಿಲ್ಲ.

ಮೊದಲು ಜಾಗದ ವಿಚಾರ. ಬುಡಾಪೆಸ್ಟಿಗೆ ಪಶ್ಚಿಮದಿಂದ ಬರುವವರಿಗೆ ಇದೇ ಹೆಬ್ಬಾಗಿಲು. ವಿಯೆನ್ನಾ ಕಡೆಯ ಎಂ1, ಬಾಲಾಟನ್ ಸರೋವರದ ಕಡೆಯ ಎಂ7, ಎರಡು ಹೆದ್ದಾರಿಗಳೂ ಇಲ್ಲಿ ಒಂದಾಗಿ ರಾಜಧಾನಿಗೆ ನುಗ್ಗುತ್ತವೆ. ವಿಯೆನ್ನಾ ರೈಲುಮಾರ್ಗವೂ ಇದೇ ಕಣಿವೆಯಲ್ಲಿದೆ. ಈ ಊರಿಗೆ ಒದಗಿದ ಭಾಗ್ಯಕ್ಕೂ ಬಡಿದ ದುರ್ದೆಸೆಗೂ ಈ ದಾರಿಯೇ ಮೂಲ ಎಂಬುದು ನನ್ನ ಅಭಿಪ್ರಾಯ.

ತುರ್ಕರ ಆಳ್ವಿಕೆಯ ಯುದ್ಧಗಳಲ್ಲಿ ಹಾಳುಬಿದ್ದಿದ್ದ ಈ ನೆಲಕ್ಕೆ 1721ರ ಹೊತ್ತಿಗೆ ಜುಜಾನಾ ಬೆರ್ಚೇನಿ ಎಂಬ ಜಮೀನ್ದಾರಿಣಿ ಜರ್ಮನ್ ರೈತರನ್ನು ಕರೆಸಿ ಕೂರಿಸಿದಳು. ಇಲ್ಲಿ ಅವರನ್ನು ಶ್ವಾಬರು ಎನ್ನುತ್ತಾರೆ. ಇನ್ನೂರು ವರ್ಷ ಇದು ಅಪ್ಪಟ ಜರ್ಮನ್ ಹಳ್ಳಿಯಾಗಿತ್ತು. ಅವರ ಬಾಯಲ್ಲಿ ಊರಿನ ಹೆಸರು ವುಡೆರ್ಶ್. ಮೊದಲು ದ್ರಾಕ್ಷಿ ಬೆಳೆದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರನ್ನೇ ತಿಂದುಹಾಕಿದಾಗ, ಅದೇ ಇಳಿಜಾರುಗಳಲ್ಲಿ ಪೀಚ್ ಮರಗಳನ್ನು ನೆಟ್ಟರು. ಇಲ್ಲಿನ ಪೀಚ್ ಹಣ್ಣು ಪರದೇಶಗಳಿಗೂ ಹೋಗುತ್ತಿತ್ತು.

1921ರ ಅಕ್ಟೋಬರ್ 23ರಂದು ನಡೆದದ್ದು ಸ್ವಲ್ಪ ನಾಟಕೀಯವಾದ ಕಥೆ. ಸಿಂಹಾಸನ ಕಳೆದುಕೊಂಡಿದ್ದ ಹ್ಯಾಬ್ಸ್‌ಬರ್ಗ್ ವಂಶದ ನಾಲ್ಕನೆಯ ಕಾರ್ಲ್, ಸ್ವಿಟ್ಜರ್ಲೆಂಡಿನಿಂದ ವಿಮಾನದಲ್ಲಿ ಬಂದಿಳಿದು, ಗಡಿಯ ಶೋಪ್ರೋನ್ ಊರಿನಿಂದ ಸೈನಿಕರನ್ನು ರೈಲಿಗೆ ಹತ್ತಿಸಿಕೊಂಡು ಮತ್ತೆ ಪಟ್ಟವೇರಲು ರಾಜಧಾನಿಗೆ ಹೊರಟಿದ್ದ. ಆಗ ರಾಜನ ಬದಲು ದೇಶ ಆಳುತ್ತಿದ್ದ ಹೋರ್ತಿಯ ಸರ್ಕಾರ ಕೈಗೆ ಸಿಕ್ಕ ವಿಶ್ವವಿದ್ಯಾಲಯದ ಹುಡುಗರಿಗೂ ಬಂದೂಕು ಕೊಟ್ಟು ಬುಡಾಯೋರ್ಶ್ ಬಳಿ ನಿಲ್ಲಿಸಿತು. ಸಣ್ಣ ಕಾಳಗ. ಆದರೂ ರಾಜ ಹಿಂದೆ ಸರಿದ, ಸೆರೆಯಾದ, ಮುಂದಿನ ವರ್ಷ ಮಡೈರಾ ದ್ವೀಪದಲ್ಲಿ ತೀರಿಕೊಂಡ. ಹಂಗೇರಿಯಲ್ಲಿ ಹ್ಯಾಬ್ಸ್‌ಬರ್ಗರ ಕಥೆ ಹೀಗೆ ರೈಲು ಹಳಿಯ ಪಕ್ಕದಲ್ಲಿ ಮುಗಿಯಿತು.

ಅದೇ ಹಳಿಯ ಮೇಲೆ 1946ರ ಜನವರಿ 19ರಂದು ಇನ್ನೊಂದು ರೈಲು ಹೊರಟಿತು. ಈ ಊರಿನ ಬಗ್ಗೆ ನೀವು ಒಂದೇ ಸಂಗತಿ ತಿಳಿದುಕೊಳ್ಳುವುದಾದರೆ ಇದನ್ನು ತಿಳಿದುಕೊಳ್ಳಿ. ಮಹಾಯುದ್ಧ ಮುಗಿದ ಮೇಲೆ ಹಂಗೇರಿ ತನ್ನ ಜರ್ಮನ್ ಪ್ರಜೆಗಳನ್ನು ದೇಶದಿಂದ ಹೊರಹಾಕತೊಡಗಿತು. ಆ ಕೆಲಸ ಶುರುವಾದದ್ದು ಇಲ್ಲಿಂದ. 1941ರ ಜನಗಣತಿಯಲ್ಲಿ ಮಾತೃಭಾಷೆ ಜರ್ಮನ್ ಎಂದು ಬರೆಸಿದ್ದರೂ ಸಾಕು, ಪಟ್ಟಿಯಲ್ಲಿ ಹೆಸರು ಸೇರುತ್ತಿತ್ತು. ಗಣತಿಯವನಿಗೆ ನಿಜ ಹೇಳಿದ್ದೇ ಅಪರಾಧವಾಯಿತು. ತಲೆಗೆ ನೂರು ಕಿಲೋ ಸಾಮಾನು, ಅದರಲ್ಲಿ ಇಪ್ಪತ್ತು ಕಿಲೋ ಆಹಾರ; ಉಳಿದದ್ದೆಲ್ಲ, ಮನೆ, ದನ, ಪೀಚ್ ತೋಟ, ಬಿಟ್ಟು ಹೋಗಬೇಕು. ಕೆಲವೇ ವಾರಗಳಲ್ಲಿ ಊರಿನ ಬಹುಪಾಲು ಜನ ಗೂಡ್ಸ್ ಗಾಡಿ ಹತ್ತಿದ್ದರು. ಖಾಲಿ ಮನೆಗಳಿಗೆ ಹಂಗೇರಿಯ ಬಯಲುಸೀಮೆಯ ಬಡ ರೈತರು ಬಂದರು, ಇಂದಿನ ಸ್ಲೊವಾಕಿಯಾದಿಂದ ತಾವೇ ಹೊರದೂಡಿಸಿಕೊಂಡ ಹಂಗೇರಿಯನ್ನರೂ ಬಂದರು. ಪೀಚ್ ಕೃಷಿಯ ಗುಟ್ಟು ಬಲ್ಲವರು ಹೋಗಿದ್ದರು. ಅದನ್ನು ಅರಿಯದವರ ಕೈಗೆ ತೋಟ ಸಿಕ್ಕಿತ್ತು. ಜನವರಿ 19 ಈಗ ಇಡೀ ದೇಶದಲ್ಲಿ ಅಧಿಕೃತ ಸ್ಮರಣೆಯ ದಿನ, ಇಲ್ಲಿನ ಹಳೆಯ ಸ್ಮಶಾನದಲ್ಲಿ ಸ್ಮಾರಕವಿದೆ.

ನಂತರದ್ದು ಬೇಗ ಹೇಳಬಹುದು. ಸಮಾಜವಾದಿ ಕಾಲದಲ್ಲಿ ಅಪಾರ್ಟ್‌ಮೆಂಟುಗಳ ದೊಡ್ಡ ಬಡಾವಣೆ ಎದ್ದಿತು, 1986ರಲ್ಲಿ ನಗರದ ಸ್ಥಾನ ಸಿಕ್ಕಿತು. 1990ರ ದಶಕದಲ್ಲಿ ವಿದೇಶಿ ಕಂಪನಿಗಳು ಬಂದಾಗ ಎರಡು ಹೆದ್ದಾರಿ ಸೇರುವ ಜಾಗಕ್ಕಿಂತ ಒಳ್ಳೆಯದು ಅವುಗಳಿಗೆ ಬೇಕಿರಲಿಲ್ಲ. ಐಕಿಯಾ, ಓಶಾನ್, ಟೆಸ್ಕೊ, ಕಚೇರಿ ಸಂಕೀರ್ಣಗಳು ಸಾಲುಗಟ್ಟಿದವು. ಹಂಗೇರಿಯಲ್ಲಿ ಕಂಪನಿಗಳು ವಹಿವಾಟಿನ ಮೇಲೆ ಸ್ಥಳೀಯ ಸಂಸ್ಥೆಗೆ ತೆರಿಗೆ ಕಟ್ಟುತ್ತವೆ. ಅದರ ಗರಿಷ್ಠ ದರ ಶೇಕಡ 2. ಅದರಿಂದಾಗಿ ಸುಮಾರು 28 ಸಾವಿರ ಜನರ ಈ ಪುಟ್ಟ ನಗರ ದೇಶದ ಸಿರಿವಂತ ಪುರಸಭೆಗಳಲ್ಲೊಂದು. ಬೆಳಿಗ್ಗೆ ಇಲ್ಲಿಂದ ಬುಡಾಪೆಸ್ಟಿಗೆ ಹೋಗುವವರಷ್ಟೇ ಅಲ್ಲ, ಅಲ್ಲಿಂದ ಇಲ್ಲಿಗೆ ಕೆಲಸಕ್ಕೆ ಬರುವವರೂ ಇದ್ದಾರೆ. ಬರೀ ಮಲಗಲು ಬರುವ ಊರು ಎನ್ನುವುದು ಇದಕ್ಕೆ ಒಪ್ಪುವುದಿಲ್ಲ.

ಊರಿನ ಸ್ವಭಾವ ತಿಳಿಯಬೇಕಾದರೆ ಕ್ಯಾಥೊಲಿಕರ ಕಾರ್ಪಸ್ ಕ್ರಿಸ್ಟಿ ಹಬ್ಬಕ್ಕೆ ಚರ್ಚಿನ ಬೀದಿಗೆ ಬನ್ನಿ, ಮೇ ಕೊನೆ ಅಥವಾ ಜೂನ್‌ನಲ್ಲಿ ಬರುತ್ತದೆ. ಬೆಳಗಿನ ಜಾವವೇ ಬುಟ್ಟಿಗಟ್ಟಲೆ ಎಸಳು ತಂದು ರಸ್ತೆಯ ಮೇಲೆ ಹೂವಿನ ಹಾಸು ಬಿಡಿಸುತ್ತಾರೆ. ನಮ್ಮ ರಂಗೋಲಿಯನ್ನು ಇಡೀ ಬೀದಿಗೆ ಎಳೆದಂತೆ. ಹಸಿರು ಹುಲ್ಲಿನ ಅಂಚು, ನಡುವೆ ಬಿಳಿ, ಕೆಂಪು ಎಸಳುಗಳಲ್ಲಿ ಶಿಲುಬೆ, ಪಾತ್ರೆ, ಹೃದಯ. ಗಾಳಿಗೆ ಹಾರದಿರಲೆಂದು ಮೇಲೆ ನೀರು ಚಿಮುಕಿಸುತ್ತಾರೆ. ಆಮೇಲೆ ಮೆರವಣಿಗೆಯಲ್ಲಿ ಪಾದ್ರಿ ಅದರ ಮೇಲೇ ನಡೆದು ಹೋಗುತ್ತಾರೆ. ಶ್ವಾಬರು ತಂದ ಪದ್ಧತಿ ಇದು. ಉಳಿದುಕೊಂಡ ಕುಟುಂಬಗಳು ಕೈಬಿಡಲಿಲ್ಲ.

ಈಗ ನಿಮಗೆ ಬೇಕಾದದ್ದು. ರೈಲು ನಿಲ್ದಾಣ ಹತ್ತಿರವಿದೆ ಎಂಬ ಜಾಹೀರಾತು ನೋಡಿ ಮರುಳಾಗಬೇಡಿ; ನಿಲ್ದಾಣ ಹೆದ್ದಾರಿಯ ಆಚೆ, ಹಳೆಯ ಊರಿಂದ ದೂರ. ನಿತ್ಯದ ಓಡಾಟಕ್ಕೆ ಬಸ್ಸೇ ಗತಿ: 40ನೇ ನಂಬರಿನ ಬಸ್ಸು ಬುಡಾಪೆಸ್ಟಿನ ಕೆಲೆನ್‌ಫೋಲ್ಡ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ, ಅಲ್ಲಿಂದ 2014ರಲ್ಲಿ ಶುರುವಾದ ನಾಲ್ಕನೇ ಮೆಟ್ರೊ. ಬಾಡಿಗೆ ಕಡಿಮೆ ಬೇಕೆಂದರೆ ಅಪಾರ್ಟ್‌ಮೆಂಟ್ ಬಡಾವಣೆ ನೋಡಿ. ಮಕ್ಕಳಿದ್ದು ಕೈಯಲ್ಲಿ ಸ್ವಲ್ಪ ಹಣವೂ ಇದ್ದರೆ ಚರ್ಚಿನ ಸುತ್ತಲಿನ ಹಳೆಯ ಬೀದಿಗಳು, ಕೋಹೆಜ್ ಎಂಬ ಕಲ್ಲುಗುಡ್ಡದ ಬುಡ. ಗುಡ್ಡದ ಮೇಲೆ ಪುಟ್ಟ ಚಾಪೆಲ್ ಇದೆ, ಸಂಜೆ ಹತ್ತಿ ಬರಬಹುದು. ದಕ್ಷಿಣದ ಅಂಚಿನಲ್ಲಿ ಮನೆ ತೋರಿಸಿದರೆ ಕಿಟಕಿ ತೆರೆಸಿ ಐದು ನಿಮಿಷ ನಿಂತು ಕೇಳಿ, ಎಂ1-ಎಂ7ರ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಶುಕ್ರವಾರ ಸಂಜೆ ಬಾಲಾಟನ್ ಕಡೆ ಇಡೀ ರಾಜಧಾನಿ ಹೊರಡುತ್ತದೆ, ಆಗ ಕಾರು ತೆಗೆಯಬೇಡಿ.