ಬೈನೆ ಗೊನೆಯೊಳಗಿನ ಟೊಳ್ಳು

ತೋಟದಂಚಿನ ಬೈನೆ ಮರದ ಗೊನೆಯ ನಡುವೆ ಗಂಟೆಯಾಕಾರದ ಟೊಳ್ಳಿದೆ, ಇದು ಅಳಿಲಿನ ಕೆಲಸವೇ ಎಂದು ಕೇಳಿದ್ದೀರಿ. ಅಳಿಲನ್ನು ದೂರಬೇಡಿ, ಅದು ಗಿಡ್ಡ ಮೂತಿಯ ಹಣ್ಣುಬಾವಲಿಯ ಹಗಲುಮನೆ ಇರಬೇಕು. ಗಂಡು ಬಾವಲಿ ಗೊನೆಯ ನಡುವಿನ ಎಳೆಗಳನ್ನು ಒಂದೊಂದಾಗಿ ಕಡಿದು ಉದುರಿಸುತ್ತದೆ, ಸುತ್ತಲಿನವನ್ನು ಪರದೆಯಂತೆ ಇಳಿಬಿಟ್ಟುಕೊಳ್ಳುತ್ತದೆ. ಒಂದೆರಡು ರಾತ್ರಿಯಲ್ಲಿ ಮುಗಿಯುವ ಕೆಲಸವಲ್ಲ. ಮನೆ ಸಿದ್ಧವಾದ ಮೇಲೆ ಹೆಣ್ಣುಗಳು ಬಂದು ಸೇರುತ್ತವೆ. (ಸ್ವಂತ ಮನೆಯಿಲ್ಲದ ವರನ ಪಾಡು ಅಲ್ಲೂ ಅಷ್ಟೇ!) ಮರದ ಬುಡದಲ್ಲಿ ಜಗಿದು ಉಗುಳಿದ ನಾರಿನ ಉಂಡೆಗಳು, ಬೇರೆ ಮರದ ಬೀಜಗಳು ಬಿದ್ದಿವೆಯೇ ನೋಡಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.

ಬಾವಲಿಗಳೆಲ್ಲ ಗುಹೆಯಲ್ಲಲ್ಲವೇ ಇರುವುದು ಎಂದಿದ್ದೀರಿ. ಕೆಲವು ಹೌದು. ಆದರೆ ದೊಡ್ಡ ಹಣ್ಣುಬಾವಲಿ ಆಲ, ಹುಣಸೆ ಮರಗಳಲ್ಲಿ ಬಯಲಿಗೇ ಜೋತಾಡುತ್ತದೆ. ಮಧ್ಯ ಅಮೆರಿಕದ ಮಳೆಕಾಡಿನ ಪುಟ್ಟ ಬಿಳಿ ಬಾವಲಿಯಂತೂ ಹೆಲಿಕೋನಿಯಾ ಎಂಬ ಬಾಳೆಯಂಥ ಗಿಡದ ಎಲೆಯ ನಡುದಿಂಡಿನ ಇಬ್ಬದಿಯ ನರಗಳನ್ನು ಕಡಿದು ಎಲೆಯನ್ನೇ ಡೇರೆಯಾಗಿ ಬಾಗಿಸುತ್ತದೆ. ಎಲೆಯಿಂದ ಸೋಸಿ ಬರುವ ಬೆಳಕಿಗೆ ಅದರ ಬಿಳಿ ಮೈ ಹಸಿರಾಗಿ ಕಾಣುತ್ತದೆ.

ಗೊನೆಯನ್ನು ಈಗಲೇ ಕಡಿಸಬೇಡಿ. ಮಧ್ಯಾಹ್ನ ಸದ್ದಿಲ್ಲದೆ ಕೆಳಗೆ ನಿಂತು ಕತ್ತೆತ್ತಿ ನೋಡಿ, ಟಾರ್ಚ್ ಬೇಡ.