ನಾಲ್ಕು ಮರಿ ಹೋದವು, ತೋಳಕ್ಕೆ ವಿಷ ಇಡಲಾ ಅಂತ ಕೇಳಿದವರಿಗೆ

ತಮ್ಮಾ, ಹಿರಿಯೂರು ಹತ್ತಿರದ ನಿಮ್ಮ ರೊಪ್ಪದಿಂದ (ಕುರಿ ಕೂಡುವ ಬೇಲಿಯಿಂದ) ಒಂದೇ ವಾರದಲ್ಲಿ ನಾಲ್ಕು ಮರಿ ಹೋದವು, ವಿಷ ಇಡೋಣ ಅಂತಿದ್ದೀನಿ, ನೀವೆಲ್ಲ ಏನು ಮಾಡ್ತೀರಿ ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟ್ ಕೆಳಗೆ ಒಬ್ಬರು "ಹೊಡೆದು ಹೂತುಬಿಡಿ, ಯಾರಿಗೂ ಗೊತ್ತಾಗಲ್ಲ" ಅಂದಿದ್ದಾರೆ. ಇನ್ನೊಬ್ಬರು "ಪಾಪದ ಪ್ರಾಣಿ, ಅದರ ಜಾಗಕ್ಕೆ ನಾವು ಹೋಗಿದ್ದೇವೆ" ಅಂದಿದ್ದಾರೆ. ಈ ಎರಡನೆಯವರ ಮನೆಯಲ್ಲಿ ಕುರಿ ಇದ್ದಹಾಗೆ ಕಾಣಲ್ಲ. ಇರಲಿ.

ನಾನು ಶಿರಾ ಕಡೆಯವನು, ಅರವತ್ತು ಕುರಿ ಇವೆ. ತೋಳದ ಮೇಲೆ ನನಗೇನೂ ಪ್ರೀತಿ ಇಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಊರಿನವರ ಜೊತೆ ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ, ಹೋಗಿ ತೋಳದ ಗವಿಗೆ ಹೊಗೆ ಹಾಕಿದವರಲ್ಲಿ ನಾನೂ ಒಬ್ಬ. ಒಳಗೆ ಐದು ಮರಿ ಇದ್ದವು. ಶೌರ್ಯ ಮಾಡಿದ ಹಾಗೆ ಮನೆಗೆ ಬಂದೆವು. ಆ ವರ್ಷ ಕುರಿಮರಿ ಹೋಗೋದು ಕಮ್ಮಿ ಆಯಿತಾ? ಇಲ್ಲ. ದೊಡ್ಡ ತೋಳಗಳು ಅಲ್ಲೇ ಸುತ್ತಮುತ್ತ ಇದ್ದವು, ನಮ್ಮ ರೊಪ್ಪವೂ ಹಾಗೇ ಇತ್ತು.

ಆಮೇಲೆ ಒಂದು ಸಲ ಪಕ್ಕದ ಊರಿನಲ್ಲಿ ಸತ್ತ ಕುರಿಗೆ ಬೆಳೆಗೆ ಹೊಡೆಯುವ ಔಷಧಿ ಸವರಿ ಇಟ್ಟರು. ನನ್ನ ಕರಿಯ ಸತ್ತ. ಕುರಿ ಕಾಯುವ ನಾಯಿ, ಮರಿಯಿಂದ ಸಾಕಿದ್ದು. ಇನ್ನೂ ಎರಡು ನಾಯಿ ಸತ್ತವು, ಒಂದು ಕತ್ತೆಕಿರುಬ ಸತ್ತಿತು, ಹದ್ದುಗಳೂ ಬಿದ್ದಿದ್ದವು. ತೋಳ ಮಾತ್ರ ಸಿಗಲಿಲ್ಲ. ನಾಯಿ ಇಲ್ಲದ ಆ ಎರಡು ತಿಂಗಳಲ್ಲಿ ನನಗೆ ಆರು ಮರಿ ನಷ್ಟ. ವಿಷದ ಮಾತು ಬಿಟ್ಟಿದ್ದು ಅವತ್ತೇ. ಕರುಣೆಯಿಂದ ಅಲ್ಲ, ಲೆಕ್ಕ ಹಾಕಿ.

ನಮ್ಮ ತಾತ "ಹಿಂಡಿನಲ್ಲಿ ತೋಳಕ್ಕೂ ಒಂದು ಪಾಲು ಇರುತ್ತೆ ಕಣೋ" ಅನ್ನುತ್ತಿದ್ದರು. ಹಾಗಂದವರೇ ಮರಿ ಹೋದ ದಿನ ರಾತ್ರಿ ಇಡೀ ಅದರ ವಂಶವನ್ನೆಲ್ಲ ಬೈಯುತ್ತಿದ್ದರು. ನನಗೂ ಈಗ ಹೆಚ್ಚುಕಮ್ಮಿ ಅದೇ ಮನಸ್ಸು.

ಕೊಂದರೆ ಮುಗಿಯುತ್ತೆ ಅನ್ನುವವರಿಗೆ ಒಂದು ಮಾತು. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ಇನಾಮು ಕೊಟ್ಟು ಕೊಲ್ಲಿಸಿತ್ತು. 1875ರಿಂದ 1925ರವರೆಗೆ 2 ಲಕ್ಷ ತೋಳ ಸತ್ತವು ಅಂತ ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಕೊಟ್ಟಿದ್ದಾರೆ. ಈಗ ಇಡೀ ದೇಶದಲ್ಲಿ ಉಳಿದಿರೋದು ಸುಮಾರು 3 ಸಾವಿರ. ಅಷ್ಟು ಕೊಂದಮೇಲೂ ನಿಮ್ಮ ಮರಿ ಉಳಿಯಲಿಲ್ಲ, ಅಲ್ವಾ?

ಕಾನೂನನ್ನೂ ತಿಳಿದಿರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳ ಮೊದಲನೇ ಪಟ್ಟಿಯಲ್ಲಿದೆ, ಅಂದರೆ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ. ಕೊಂದರೆ 3ರಿಂದ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಮ್ಮಿ ಇಲ್ಲ. ಮನುಷ್ಯರ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಅಪರಾಧ ಅಲ್ಲ. ಕುರಿ ಉಳಿಸಲು ಹೊಡೆದೆ ಅಂದರೆ ಆ ಮಾತು ನಡೆಯಲ್ಲ.

ಮೊದಲು ನಿಜವಾಗಿ ತೋಳವೇನಾ ನೋಡಿ. ತೋಳ ಸಾಮಾನ್ಯವಾಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ, ಎಳೆ ಮರಿಯಾದರೆ ಕಚ್ಚಿಕೊಂಡು ಹೋಗುತ್ತದೆ. ಹಿಂಗಾಲು, ತೊಡೆ, ಕಿವಿ ಎಲ್ಲ ಹರಿದು, ಐದಾರು ಕುರಿ ತಿನ್ನದೆ ಸುಮ್ನೆ ಬಿದ್ದಿದ್ದರೆ ನನಗೆ ಮೊದಲು ಅನುಮಾನ ಬರೋದು ಬೀದಿನಾಯಿಗಳ ಮೇಲೆ. ನಮ್ಮ ಕಡೆ ಕೋಳಿ ಅಂಗಡಿ ಕಸ ತಿಂದು ಬೆಳೆದ ನಾಯಿ ಹಿಂಡುಗಳೇ ಈಗ ಜಾಸ್ತಿ ಕಾಟ. ಹೆಸರು ಮಾತ್ರ ತೋಳಕ್ಕೆ. ಸತ್ತ ಕುರಿಯನ್ನು ಬಯಲಿಗೆ ಎಸೆದು ಈ ನಾಯಿಗಳಿಗೆ ರುಚಿ ಹತ್ತಿಸಿದವರು ನಾವೇ. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ.

ರೊಪ್ಪದ ವಿಷಯ. ಬರೀ ಜಾಲಿ ಮುಳ್ಳು ಸಾಲದು. ತೋಳ ಮೇಲಿಂದ ಹಾರುವುದಕ್ಕಿಂತ ಕೆಳಗೆ ತೂರುವುದೇ ಜಾಸ್ತಿ. ನಾನು ಆರು ಅಡಿ ತಂತಿ ಜಾಲರಿ ಹಾಕಿ, ಅದರ ಬುಡವನ್ನು ಒಂದು ಅಡಿ ಹೊರಗಡೆಗೆ ಬಗ್ಗಿಸಿ, ಮೇಲೆ ದಪ್ಪ ಕಲ್ಲು ಹೇರಿದ್ದೇನೆ. ಮುಳ್ಳು ಅದರ ಹೊರಗೆ. ಎಳೆ ಮರಿಗಳನ್ನು ರಾತ್ರಿ ಬೇರೆ ಮಾಡಿ ಮಂಕರಿ ಕವುಚಿ, ಮೇಲೆ ಕಲ್ಲು ಇಡಬೇಕು. ನಮ್ಮಜ್ಜಿ ಮಾಡುತ್ತಿದ್ದದ್ದೂ ಇದೇ. ಮಿಣುಕುವ ಸೋಲಾರ್ ದೀಪ ಸ್ವಲ್ಪ ದಿನ ಕೆಲಸ ಮಾಡುತ್ತೆ, ಆಮೇಲೆ ತೋಳಕ್ಕೆ ಅಭ್ಯಾಸ ಆಗಿಬಿಡುತ್ತೆ. ಜಾಗ ಬದಲಿಸುತ್ತಾ ಇರಿ.

ನಾಯಿಗೆ ಮುಧೋಳವೇ ಬೇಕು ಅಂತ ದುಡ್ಡು ಸುರಿಯಬೇಡಿ. ಅದು ಅಟ್ಟಿಸಿಕೊಂಡು ಓಡುವ ಬೇಟೆ ನಾಯಿ. ಓಡಿಹೋದ ಮೇಲೆ ಹಿಂಡಿನ ಹತ್ತಿರ ಯಾರು? ಬಯಲಲ್ಲಿ ಒಂದು ತೋಳ ಕಾಣಿಸಿಕೊಂಡು ನಾಯಿಯನ್ನು ದೂರ ಎಳೆದುಕೊಂಡು ಹೋಗಿ, ಇನ್ನೊಂದು ಹಿಂದಿನಿಂದ ಬಂದು ಮರಿ ಎತ್ತಿದ್ದನ್ನು ನಾನೇ ನೋಡಿದ್ದೇನೆ. ಊರ ನಾಯಿಯ ದಪ್ಪ ಮರಿಯನ್ನೇ ಕುರಿಮರಿಗಳ ಜೊತೆ ಬೆಳೆಸಿ. ಒಂದಲ್ಲ, ಎರಡು. ಕೊರಳಿಗೆ ಮೊಳೆ ಪಟ್ಟಿ, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ.

ಮತ್ತೆ ಹೋದರೆ ಸತ್ತ ಕುರಿಯನ್ನು ಕದಲಿಸಬೇಡಿ. ಫೋಟೋ ತೆಗೆದು ಅರಣ್ಯ ಇಲಾಖೆಗೆ ಹೇಳಿ, ಸಹಾಯವಾಣಿ 1926. ಪಶುವೈದ್ಯರ ವರದಿ, ಮಹಜರು (ಸ್ಥಳ ನೋಡಿ ಬರೆದ ದಾಖಲೆ) ಎರಡೂ ಇಲ್ಲದೆ ಪರಿಹಾರ ಬರಲ್ಲ. ನನಗೆ ಒಂದು ಸಲ ಹನ್ನೊಂದು ತಿಂಗಳು ಅಲೆಸಿದರು. ಅವತ್ತು ತೋಳಕ್ಕಿಂತ ಆ ಕಚೇರಿಯ ಮೇಲೇ ಸಿಟ್ಟು ಜಾಸ್ತಿ ಬಂದಿತ್ತು. ಜನ ವಿಷ ಇಡೋದು ಈ ಸಿಟ್ಟಿಗೂ ಹೌದು.

ತೋಳಕ್ಕೆ ಅಂತ ಬೇರೆ ಕಾಡು ಇದೆ, ಅಲ್ಲಿ ಇರಲಿ ಅನ್ನುವವರಿಗೂ ಹೇಳುತ್ತೇನೆ. ಗಂಗಾವತಿ ಹತ್ತಿರ ಬಂಕಾಪುರದಲ್ಲಿ ತೋಳಧಾಮ ಮಾಡಿದ್ದಾರೆ, ಒಳ್ಳೆಯದೇ. ಆದರೆ ಅದು ಸುಮಾರು 332 ಹೆಕ್ಟೇರ್. ಒಂದು ಗುಂಪು ಓಡಾಡುವ ಜಾಗಕ್ಕೆ ಅದು ಅಂಗಳದಷ್ಟು. ತೋಳ ಇರೋದೇ ನಮ್ಮ ಬೀಳು, ಕಾವಲು, ಹೊಲದ ಬದುಗಳಲ್ಲಿ. ಕುರಿ ಮೇಯೋದೂ ಅಲ್ಲೇ. ಪಾವಗಡದಲ್ಲಿ 13,000 ಎಕರೆಗೆ ಸೋಲಾರ್ ಪಾರ್ಕ್ ಬಂದ ಮೇಲೆ ಮೇವಿಗೆ ಜಾಗ ಹುಡುಕುತ್ತಾ ಅಲೆಯುವ ಕುರಿಗಾಹಿಗಳನ್ನು ಕೇಳಿ ನೋಡಿ.

ಚಿರತೆಯಾದರೆ ಕತೆ ಬೇರೆ. ಅದಕ್ಕೆ ಗೋಡೆ ಲೆಕ್ಕಕ್ಕೇ ಇಲ್ಲ, ಮೇಲೂ ಜಾಲರಿ ಬೇಕು. ಅದರ ವಿಷಯದಲ್ಲಿ ನನಗೆ ಇಷ್ಟು ಸಮಾಧಾನವೂ ಇಲ್ಲ, ಯಾಕೆಂದರೆ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ನಾಳೆ ಬೆಳಿಗ್ಗೆ ಕುರಿ ಬಿಡುವ ಮುಂಚೆ ರೊಪ್ಪದ ಸುತ್ತ ಹೆಜ್ಜೆ ನೋಡಿ. ಅಳತೆಗೆ ಪಕ್ಕಕ್ಕೆ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ. ದೊಡ್ಡ ನಾಯಿಯದ್ದೋ ತೋಳದ್ದೋ ಹೇಳೋದು ಕಷ್ಟ, ಆದರೂ ಚಿರತೆಯದ್ದಾದರೆ ತಕ್ಷಣ ಗೊತ್ತಾಗುತ್ತೆ.